ಕಬ್ಬಿಣ ಉರಿಯುತ್ತದೆ

ನಕ್ಷತ್ರಗಳ ಮೇಲೆ ಒಂದು ಭಾಷಣ ಇದೆ, ಅದನ್ನು ಸನ್ನೆಯಲ್ಲಿ ಹೇಳುವವರು ಬೇಕು ಎಂದು ಕಿವುಡರ ಸಂಘದ ಅಧ್ಯಕ್ಷರು ಕೇಳಿದಾಗ ಗಿಳಿ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟಳು. ಹದಿನೆಂಟು ವರ್ಷಗಳಿಂದ ಅವಳು ಮಾಡಿಕೊಂಡು ಬಂದ ಕೆಲಸವೇ ಅದು. ಬಾಯಿಯವರ ಮಾತನ್ನು ಕೈಗೆ ಇಳಿಸುವುದು, ಕೈಯವರ ಮಾತನ್ನು ಬಾಯಿಗೆ ಏರಿಸುವುದು. ಡಾಕ್ಟರು ಹೇಳಿದ ಹರ್ನಿಯಾ, ವಕೀಲರು ಹೇಳಿದ ಜಾಮೀನು, ಬೀಗರು ಆಡಿದ ಕೊಂಕುಮಾತು, ಎಲ್ಲವನ್ನೂ ಅವಳ ಹತ್ತು ಬೆರಳುಗಳು ದಾಟಿಸಿದ್ದವು. ನಕ್ಷತ್ರ ಯಾವ ಮಹಾ ಎಂದುಕೊಂಡಳು.

ಗಿಳಿ ಎನ್ನುವುದು ಅಮ್ಮ ಇಟ್ಟ ಅಡ್ಡಹೆಸರು. ಅವಳಿಗಿಂತ ಆರು ವರ್ಷ ದೊಡ್ಡವನಾದ ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಮೂರು ವರ್ಷದ ಪುಟ್ಟ ತಂಗಿ ಅಣ್ಣನ ಕೈಯನ್ನೇ ನೋಡುತ್ತಾ, ಮನೆಗೆ ಬಂದವರ ಮುಂದೆ ಅವನು ಹೇಳಿದ್ದನ್ನೆಲ್ಲ ಒದರಿಬಿಡುತ್ತಿದ್ದಳು. "ಈ ಮಾಮನ ಹತ್ರ ವಾಸನೆ ಬರುತ್ತಂತೆ" ಎಂದು ಒಮ್ಮೆ ಹೇಳಿದಾಗ ಅಮ್ಮ ಒಳಗೆ ಎಳೆದುಕೊಂಡು ಹೋಗಿ ತೊಡೆ ಚಿವುಟಿದ್ದಳು. "ಅವನು ಏನಾದ್ರೂ ಹೇಳ್ಲಿ, ನೀನು ನೋಡಿಕೊಂಡು ಹೇಳ್ಬೇಕು ಕಣೇ." ಅಂದಿನಿಂದ ಗಿಳಿ ನೋಡಿಕೊಂಡು ಹೇಳುವುದನ್ನು ಕಲಿತಳು. ಅದು ಎಷ್ಟು ರೂಢಿಯಾಯಿತೆಂದರೆ, ನೋಡಿಕೊಂಡು ಹೇಳುತ್ತಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಭಾಷಣಕ್ಕೆ ಒಂದು ವಾರ ಮುಂಚೆ ನಾಲ್ಕು ಹಾಳೆ ಬಂದವು. ಭಾಷಣ ಮಾಡುವವರು ನಕ್ಷತ್ರಗಳನ್ನು ಅಭ್ಯಾಸ ಮಾಡುವ ವಿಜ್ಞಾನಿ, ಐವತ್ತರ ಆಸುಪಾಸಿನ ಹೆಂಗಸು. ಗಿಳಿ ಚಹಾ ಮಾಡಿಕೊಂಡು, ಕಾಲು ಚಾಚಿ ಕೂತು ಓದಲು ಶುರುಮಾಡಿದಳು. ಮೊದಲನೆಯ ಹಾಳೆಯಲ್ಲೇ ಕಾಲು ಮಡಚಿಕೊಳ್ಳಬೇಕಾಯಿತು. ಜಲಜನಕ ಅಂತಿತ್ತು. ಜನಕ ಅಂದರೆ ಅಪ್ಪ; ನೀರಿನ ಅಪ್ಪ. ನೀರಿನ ಅಪ್ಪ ನಕ್ಷತ್ರದ ಹೊಟ್ಟೆಯಲ್ಲಿ ಉರಿಯುತ್ತಾನೆ ಎಂದರೆ ಹೇಗೆ? ಅದರ ಕೆಳಗೆ 'ಬೈಜಿಕ ಸಮ್ಮಿಲನ'. ಸಮ್ಮಿಲನ ಎಂದರೆ ಅವಳಿಗೆ ಗೊತ್ತಿದ್ದದ್ದು ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ ಒಂದೇ. ಎಲ್ಲರೂ ಸೇರಿ, ಫೋಟೊ ತೆಗೆಸಿಕೊಂಡು, ಯಾರು ದಪ್ಪ ಆಗಿದ್ದಾರೆ ಅಂತ ನೋಡಿಕೊಂಡು ಮನೆಗೆ ಹೋಗುವುದು. ಬೀಜಗಳು ಯಾಕೆ ಅಷ್ಟು ದೂರ ಹೋಗಿ ಸಮ್ಮಿಲನ ಮಾಡಿಕೊಳ್ಳುತ್ತವೆ?

ಫೋನ್ ಮಾಡಿ ಕೇಳಬಹುದಿತ್ತು. ಹಾಳೆಯ ಕೊನೆಯಲ್ಲಿ ನಂಬರೂ ಇತ್ತು. ಆದರೆ ಹದಿನೆಂಟು ವರ್ಷದ ಅನುಭವ ಇಟ್ಟುಕೊಂಡು 'ತಲೆಬುಡ ತಿಳೀಲಿಲ್ಲ' ಎನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಪುಣ್ಯಕ್ಕೆ ಮೂರನೆಯ ಹಾಳೆಯಿಂದ ಮುಂದೆ ವಿಜ್ಞಾನಿ ಸಮ್ಮಿಲನವನ್ನು ಬಿಟ್ಟು 'ಉರಿಯುವುದು' ಎಂದೇ ಬರೆದಿದ್ದರು. ಜಲಜನಕ ಉರಿದು ಹೀಲಿಯಂ. ಹೀಲಿಯಂ ಉರಿದು ಇಂಗಾಲ. ಉರಿ ಎನ್ನುವುದಕ್ಕೆ ಸನ್ನೆ ಇದ್ದೇ ಇತ್ತು: ಎರಡೂ ಅಂಗೈ ಮೇಲಕ್ಕೆ, ಬೆರಳುಗಳು ಜ್ವಾಲೆಯಂತೆ ಕುಣಿಯುತ್ತಾ ಏರಬೇಕು. ಸದ್ಯ, ಬದುಕಿದೆ ಎಂದುಕೊಂಡು ಗಿಳಿ ಹಾಳೆಗಳನ್ನು ಬ್ಯಾಗಿಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಗ್ರಂಥಾಲಯದ ಮಹಡಿಯ ಮೇಲಿನ ಕೋಣೆಯಲ್ಲಿ ನಲವತ್ತು ಜನ ಸೇರಿದ್ದರು. ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬೇಕಲ್ಲ, ಅದಕ್ಕೆ ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಹಾಕಿದ್ದರು. ಸಂಘದ ಅಧ್ಯಕ್ಷರು ಕಸುಬಿನಲ್ಲಿ ದರ್ಜಿ; ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದರು. ಅಣ್ಣ ಎರಡನೆಯ ಸಾಲಿನಲ್ಲಿ ಕೂತಿದ್ದ. ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪಿನಲ್ಲಿ ಅವನು ಮೂವತ್ತು ವರ್ಷದಿಂದ ವೆಲ್ಡರ್. ಮುಂಗೈ ತುಂಬ ಕಿಡಿ ಹಾರಿದ ಚಿಕ್ಕಚಿಕ್ಕ ಕಲೆಗಳು. ಭಾನುವಾರದ ಇಸ್ತ್ರಿ ಅಂಗಿಯಲ್ಲಿ ಅವು ಇನ್ನೂ ಎದ್ದು ಕಾಣುತ್ತಿದ್ದವು.

ಮೊದಲ ಎಡವಟ್ಟು ದೀಪದ್ದು. ವಿಜ್ಞಾನಿ ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ತಂದಿದ್ದರು. "ಎಲ್ಲ ಲೈಟ್ ಆರಿಸಿ, ಕರ್ಟನ್ ಎಳೀರಿ. ನಕ್ಷತ್ರ ನೋಡೋಕೆ ಕತ್ತಲೆ ಬೇಕು" ಎಂದರು ಉತ್ಸಾಹದಿಂದ.

"ಮೇಡಂ, ಲೈಟ್ ಆರಿಸಿದ್ರೆ ಇವರಿಗೆ ನಿಮ್ಮ ಮಾತು ಕೇಳ್ಸಲ್ಲ" ಎಂದಳು ಗಿಳಿ.

ವಿಜ್ಞಾನಿ ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಅರ್ಥವಾಗಿ ಹಣೆ ಚಚ್ಚಿಕೊಂಡರು. ಕೊನೆಗೆ ಗೋಡೆಯ ಹತ್ತಿರದ ದೀಪ ಆರಿಸಿ, ಗಿಳಿಯ ತಲೆಯ ಮೇಲಿನದನ್ನು ಉರಿಸಿದರು. ಚಿತ್ರಗಳು ಅರ್ಧಂಬರ್ಧ ಕಂಡವು. ಗಿಳಿ ಮಾತ್ರ ಜಗಜಗಿಸುತ್ತಿದ್ದಳು.

ಭಾಷಣ ಚೆನ್ನಾಗಿಯೇ ಶುರುವಾಯಿತು. ಖಾಲಿ ಅನ್ನಿಸುವ ಆಕಾಶದಲ್ಲಿ ದೊಡ್ಡ ದೊಡ್ಡ ಅನಿಲದ ಮೋಡಗಳಿವೆ. ಅಂಥ ಮೋಡ ತನ್ನ ಭಾರಕ್ಕೆ ತಾನೇ ಒಳಕ್ಕೆ ಕುಸಿಯುತ್ತಾ ಹೋಗುತ್ತದೆ. ಕುಸಿದಷ್ಟೂ ನಡುವೆ ಬಿಸಿ. ಬಿಸಿ ಸಾಕಷ್ಟು ಏರಿದಾಗ ಜಲಜನಕ ಉರಿಯಲು ಹತ್ತುತ್ತದೆ. ಅಲ್ಲಿಗೆ ಒಂದು ನಕ್ಷತ್ರ ಹುಟ್ಟಿತು. ಗಿಳಿಯ ಬೆರಳುಗಳು ಕುಣಿದವು. ಸೂರ್ಯನಂಥವು ಇಂಗಾಲ, ಆಮ್ಲಜನಕದ ಹೊತ್ತಿಗೆ ಕೈಚೆಲ್ಲುತ್ತವೆ. ಅದಕ್ಕಿಂತ ಬಹಳ ದೊಡ್ಡ ನಕ್ಷತ್ರಗಳು ಮಾತ್ರ ಮುಂದೆ ಹೋಗುತ್ತವೆ, ಒಂದು ಉರಿದು ಇನ್ನೊಂದು, ಅದು ಉರಿದು ಮತ್ತೊಂದು. ನಲವತ್ತು ಜೊತೆ ಕಣ್ಣುಗಳು ಅವಳ ಕೈಯ ಜ್ವಾಲೆಯನ್ನೇ ನೋಡುತ್ತಿದ್ದವು. ತನಗೆ ಅರ್ಥವಾಗದ್ದನ್ನೂ ಇಷ್ಟು ಸಲೀಸಾಗಿ ದಾಟಿಸುತ್ತಿದ್ದೇನಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

"ಕೊನೆಗೆ ನಡುವೆ ಕಬ್ಬಿಣ ಕೂಡಿಕೊಳ್ಳುತ್ತೆ" ಎಂದರು ವಿಜ್ಞಾನಿ. "ಅಲ್ಲಿಗೆ ಕಥೆ ಮುಗೀತು. ಯಾಕಂದ್ರೆ ಕಬ್ಬಿಣ ಉರಿಯೋದಿಲ್ಲ. ಕಬ್ಬಿಣ ಅಂದ್ರೆ ನಕ್ಷತ್ರದ ಬೂದಿ."

ಕಬ್ಬಿಣ. ಉರಿ. ಇಲ್ಲ. ಗಿಳಿಯ ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ, ಎರಡನೆಯ ಸಾಲಿನಲ್ಲಿ ಅಣ್ಣ ಎದ್ದು ನಿಂತಿದ್ದ.

"ಸುಳ್ಳು" ಎಂದಿತು ಅವನ ಕೈ. "ಕಬ್ಬಿಣ ಉರಿಯುತ್ತೆ. ದಿನಾ ನಾನೇ ಉರಿಸ್ತೀನಿ. ದಪ್ಪ ತಗಡನ್ನ ಕತ್ತರಿಸೋದು ಹೇಗೆ ಅಂದ್ಕೊಂಡಿದ್ದಾರೆ ಇವರು? ಕೆಂಪಗೆ ಕಾಸಿ, ಮೇಲಿಂದ ಆಕ್ಸಿಜನ್ ಬಿಟ್ರೆ ಕಬ್ಬಿಣ ಸೀಮೆಎಣ್ಣೆ ಥರ ಉರಿಯುತ್ತೆ. ಬೂದಿ ಅಂದ್ರೆ ಕೆಳಗೆ ಬೀಳುತ್ತಲ್ಲ, ಆ ಕಿಟ್ಟ. ಕಬ್ಬಿಣಾನೇ ಬೂದಿ ಅಂತಾರಲ್ಲ, ಒಂದು ಸಲ ಕೈಯಲ್ಲಿ ಹಿಡಿದು ನೋಡಿದ್ದಾರಾ?"

ಗಿಳಿ ಇದನ್ನು ಬಾಯಿಗೆ ಏರಿಸಬೇಕಿತ್ತು. ಅವಳ ಕಸುಬಿನ ನಿಯಮ ಅದು: ಅವನು ನಾನು ಎಂದರೆ ನಾನು ಎನ್ನಬೇಕು, ಸುಳ್ಳು ಎಂದರೆ ಸುಳ್ಳು. ಅವಳು ಗಂಟಲು ಸರಿಮಾಡಿಕೊಂಡಳು. "ಇವರಿಗೆ ಒಂದು ಚಿಕ್ಕ ಸಂದೇಹ, ಮೇಡಂ. ಕಬ್ಬಿಣ ಕೂಡ ಸ್ವಲ್ಪ ಉರಿಯಬಹುದಲ್ವಾ ಅಂತ ಕೇಳ್ತಿದ್ದಾರೆ."

"ಒಳ್ಳೇ ಪ್ರಶ್ನೆ!" ವಿಜ್ಞಾನಿ ಅಣ್ಣನ ಕಡೆ ನೋಡಿ ಮುಗುಳ್ನಕ್ಕರು. "ಆ ಉರಿ ಬೇರೆ, ಈ ಉರಿ ಬೇರೆ."

ಗಿಳಿ ಅದನ್ನು ಕೈಗೆ ಇಳಿಸಿದಳು. ಎರಡಕ್ಕೂ ಅವಳ ಬಳಿ ಇದ್ದದ್ದು ಒಂದೇ ಸನ್ನೆ. ಆ ಜ್ವಾಲೆ ಬೇರೆ, ಈ ಜ್ವಾಲೆ ಬೇರೆ. ನಲವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದರ್ಜಿ ಪಕ್ಕದವರನ್ನು ತಿವಿದು ಏನೋ ಕೇಳಿದರು, ಅವರು ಹಿಂದಿನವರನ್ನು ಕೇಳಿದರು, ಹಿಂದಿನವರು ಎದ್ದು ನಿಂತರು. ಅರೆಗಳಿಗೆಯಲ್ಲಿ ಕೋಣೆಯ ತುಂಬ ಕೈಗಳು. ಯಾರ ಬಾಯಿಂದಲೂ ಒಂದು ಶಬ್ದ ಇಲ್ಲ, ಆದರೆ ಸಂತೆಯಲ್ಲೂ ಅಂಥ ಗುಲ್ಲು ಇರಲಿಕ್ಕಿಲ್ಲ. "ಏನಂತೆ? ಏನಂತೆ?" ಎಂದು ವಿಜ್ಞಾನಿ ಕೇಳುತ್ತಲೇ ಇದ್ದರು. ಯಾರ ಮಾತನ್ನು ಮೊದಲು ಎತ್ತಿಕೊಳ್ಳಬೇಕೋ ತಿಳಿಯದೆ ಗಿಳಿ ಕಕ್ಕಾಬಿಕ್ಕಿಯಾಗಿ ನಿಂತಳು. ಅಣ್ಣ ಮಾತ್ರ ಯಾರ ಜೊತೆಗೂ ಮಾತಾಡಲಿಲ್ಲ. ಅವನು ವಿಜ್ಞಾನಿಯ ಮುಗುಳ್ನಗುವನ್ನು ನೋಡಿದ, ಆಮೇಲೆ ತಂಗಿಯನ್ನು ನೋಡಿದ, ಆಮೇಲೆ ಕೂತುಕೊಂಡ.

ಭಾಷಣ ಹೇಗೋ ಮುಗಿಯಿತು. ವಂದನಾರ್ಪಣೆಯೂ ಆಯಿತು.

ಮಧ್ಯಾಹ್ನ ಊಟಕ್ಕೆ ಅಣ್ಣನ ಮನೆಯಲ್ಲಿ ಮೂವರೇ: ಅಣ್ಣ, ಅವನ ಜೊತೆಗಿರುವ ಅಮ್ಮ, ಭಾನುವಾರಕ್ಕೊಮ್ಮೆ ಬರುವ ಗಿಳಿ. ಅವಳು ಕೈ ಎತ್ತಿದ್ದೇ ತಡ, ಅಣ್ಣ ಕಣ್ಣು ಮುಚ್ಚಿದ. ಕಿವಿ ಕೇಳುವವರು ಮುಖ ತಿರುಗಿಸಿದರೂ ನಾಲ್ಕು ಮಾತು ಒಳಗೆ ಹೋಗಿಯೇ ಹೋಗುತ್ತದೆ. ಅಣ್ಣ ಕಣ್ಣು ಮುಚ್ಚಿದನೆಂದರೆ ಬಾಗಿಲು ಹಾಕಿ ಅಗುಳಿ ಜಡಿದ ಹಾಗೆ. ಕಣ್ಣು ಮುಚ್ಚಿಕೊಂಡೇ ಅವನು ತಟ್ಟೆಯಿಂದ ತುತ್ತು ಎತ್ತುತ್ತಿದ್ದ.

"ಏನಾಯ್ತೇ ಇವನಿಗೆ? ಕಣ್ಣುರಿನಾ?" ಎಂದಳು ಅಮ್ಮ. ಮಗನ ಜೊತೆ ಅವಳು ಅರ್ಧ ಆಯಸ್ಸು ಕಳೆದಿದ್ದರೂ ಅವಳ ಸನ್ನೆಗಳು ಊಟ, ನಿದ್ದೆ, ಬೈಗುಳವನ್ನು ದಾಟಿರಲಿಲ್ಲ. ಉಳಿದದ್ದಕ್ಕೆ ಗಿಳಿ ಇದ್ದಳಲ್ಲ.

"ಏನಿಲ್ಲ ಬಿಡಮ್ಮ. ಕಬ್ಬಿಣದ ವಿಷಯ."

"ಕಬ್ಬಿಣಕ್ಕೂ ನಕ್ಷತ್ರಕ್ಕೂ ಏನೇ ಸಂಬಂಧ?"

ಗಿಳಿ ಬಾಯಿ ತೆರೆದಳು. ಒಂದೂವರೆ ಗಂಟೆ ಅದನ್ನೇ ಹೇಳಿ ಬಂದವಳು ಅವಳು. ಬಾಯಿ ಮುಚ್ಚಿ ನೀರು ಕುಡಿದಳು.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ ಅವಳು ವಿಜ್ಞಾನಿಯ ಕಚೇರಿಗೆ ಹೋದಳು. ಚಿಕ್ಕ ಕೋಣೆ. ದೂರದರ್ಶಕ ಇರಬಹುದೆಂದು ಅವಳು ಅಂದುಕೊಂಡಿದ್ದಳು, ಇದ್ದದ್ದು ಒಂದು ಕಂಪ್ಯೂಟರು, ಕಾಗದದ ರಾಶಿ, ಗೋಡೆಯಲ್ಲಿ ಬಿಳಿ ಹಲಗೆ.

"ಮೇಡಂ, ನಾನು ಅವತ್ತು ಗಿಳಿಪಾಠ ಒಪ್ಪಿಸಿದೆ. ನನಗೆ ಒಂದಕ್ಷರ ಅರ್ಥ ಆಗಿಲ್ಲ" ಎಂದು ಒಂದೇ ಉಸಿರಿಗೆ ಹೇಳಿ, ಕುರ್ಚಿ ಎಳೆದುಕೊಂಡು ಕೂತಳು. "ಕಬ್ಬಿಣ ಉರಿಯುತ್ತಾ ಇಲ್ವಾ?"

ವಿಜ್ಞಾನಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ಅವತ್ತು ಅವರು ನಿಜಕ್ಕೂ ಏನಂದ್ರು?"

ಗಿಳಿ ಹೇಳಿದಳು. ಎಲ್ಲ ಅಲ್ಲ, ಕತ್ತರಿಸುವ ಸಂಗತಿ ಮಾತ್ರ.

"ಅಯ್ಯೋ, ಅವರು ಹೇಳಿದ್ದು ಸರಿ" ಎಂದರು ವಿಜ್ಞಾನಿ. "ಕಬ್ಬಿಣಕ್ಕೆ ಆಕ್ಸಿಜನ್ ಸೇರಿದ್ರೆ ಉರಿಯುತ್ತೆ. ನಕ್ಷತ್ರದ ಒಳಗೆ ನಡೆಯೋದು ಬೆಂಕಿಯೇ ಅಲ್ಲ. ಉರಿ ಅಂತ ನಾವು ಅಭ್ಯಾಸಬಲದಿಂದ ಅನ್ನೋದು. ಕೆಟ್ಟ ಅಭ್ಯಾಸ."

"ಬೆಂಕಿ ಅಲ್ವಾ?" ಗಿಳಿಗೆ ನೆತ್ತಿಯ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು. ಒಂದೂವರೆ ಗಂಟೆ ನಲವತ್ತು ಜನಕ್ಕೆ ಅವಳು ಬೆಂಕಿಯನ್ನೇ ತೋರಿಸಿದ್ದಳು.

ವಿಜ್ಞಾನಿ ಹಲಗೆಗೆ ಕಾಗದ ಅಂಟಿಸುವ ಎರಡು ಚಿಕ್ಕ ಆಯಸ್ಕಾಂತಗಳನ್ನು ಕಿತ್ತು ಮೇಜಿನ ಮೇಲೆ ಇಟ್ಟರು. ಒಂದನ್ನು ಬೆರಳಿಂದ ಮೆಲ್ಲಗೆ ಸರಿಸಿದರು. ಇಷ್ಟಿಷ್ಟೇ ಹತ್ತಿರ ಬಂದು, ಒಂದು ಹಂತ ದಾಟಿದ ಮೇಲೆ ತಟ್ಟೆಂದು ಒಂದಕ್ಕೊಂದು ಅಂಟಿಕೊಂಡವು.

"ಪರಮಾಣುವಿನ ನಡುವೆ ಒಂದು ಬೀಜ ಇರುತ್ತೆ. ಎರಡು ಬೀಜಗಳು ದೂರದಿಂದ ಒಂದನ್ನೊಂದು ತಳ್ತವೆ. ಆದ್ರೆ ಜೋರಾಗಿ ಒತ್ತಿ ತೀರಾ ಹತ್ತಿರ ತಂದ್ರೆ, ಹೀಗೆ ಹಿಡ್ಕೊಂಡುಬಿಡ್ತವೆ. ಎರಡು ಹೋಗಿ ಒಂದಾಗುತ್ತೆ. ಹೊಸ ವಸ್ತುವೇ ಆಗುತ್ತೆ. ಆ ತಟ್ ಅಂತಲ್ಲ, ಅದೇ ಬಿಸಿ, ಅದೇ ಬೆಳಕು."

"ಮತ್ತೆ ಕಬ್ಬಿಣ?"

"ಕಬ್ಬಿಣದ ಬೀಜ ಆಗಲೇ ಬಿಗಿಯಾಗಿ ಹಿಡ್ಕೊಂಡಾಗಿದೆ. ಇನ್ನೂ ಸೇರಿಸ್ತೀನಿ ಅಂದ್ರೆ ತಟ್ ಅನ್ನಲ್ಲ. ನಾವೇ ಬಿಸಿ ಕೊಡ್ಬೇಕು."

ಅಲ್ಲಿ ಕೂತಿದ್ದಾಗ ಎಲ್ಲ ನಿಚ್ಚಳವಾಗಿತ್ತು. ಬಸ್ಸು ಹತ್ತಿ ಎರಡು ಸ್ಟಾಪ್ ದಾಟುವಷ್ಟರಲ್ಲಿ ಯಾವುದು ತಳ್ಳುತ್ತದೆ, ಯಾವುದು ಹಿಡಿದುಕೊಳ್ಳುತ್ತದೆ, ಯಾರು ಯಾರಿಗೆ ಬಿಸಿ ಕೊಡಬೇಕು ಎನ್ನುವುದೆಲ್ಲ ಕಲಸಿಹೋಯಿತು. ಕಿಟಕಿಯ ಪಕ್ಕ ಕೂತು ಅವಳು ಎರಡು ಮುಷ್ಟಿಗಳನ್ನು ಒಂದಕ್ಕೊಂದು ಗುದ್ದಿ ನೋಡಿಕೊಳ್ಳುತ್ತಿದ್ದಳು. ಎದುರಿನ ಸೀಟಿನ ಮುದುಕಿ ತನ್ನ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ವರ್ಕ್‌ಶಾಪಿನಲ್ಲಿ ಅಣ್ಣ ಒಂದು ಗೇಟಿನ ಚೌಕಟ್ಟಿನ ಮೇಲೆ ಬಗ್ಗಿದ್ದ. ಗ್ರೈಂಡರಿನ ಚಕ್ರದಿಂದ ಕಿಡಿಗಳು ಬಾಲ ಕಟ್ಟಿಕೊಂಡು ಗೋಡೆಗೆ ಹಾರುತ್ತಿದ್ದವು. ತಂಗಿಯನ್ನು ಕಂಡು ನಿಲ್ಲಿಸಲಿಲ್ಲ. ಕಿಡಿಗಳ ಕಡೆ ಗಲ್ಲ ತೋರಿಸಿ, ಹುಬ್ಬು ಏರಿಸಿದ. ಇದೇನು ಮತ್ತೆ? ಉರಿಯದೇ ಇರುವುದಾ?

ಗ್ರೈಂಡರು ಆರಿಸಿ ಅವನು ಕಣ್ಣು ಮುಚ್ಚುವ ಮುಂಚೆ ಗಿಳಿ ಅವನ ಅಂಗೈಯಲ್ಲಿ ಎರಡು ಆಯಸ್ಕಾಂತ ಇಟ್ಟಳು. ವಿಜ್ಞಾನಿಯನ್ನು ಕೇಳಿ ಅವನ್ನು ತಂದಿದ್ದಳು. ಕೈಗವಸು ತೆಗೆದು ಅವನು ಒಂದನ್ನು ಸರಿಸಿದ. ಅವು ಕೂಡಿಕೊಂಡ ಸದ್ದು ಅವನಿಗೆ ಕೇಳುವುದಿಲ್ಲ, ಆದರೆ ಬೆರಳಿಗೆ ತಾಗಿದ ಹೊಡೆತಕ್ಕೆ ಅವನ ಮುಖ ಬದಲಾಯಿತು. ಮತ್ತೆ ಬಿಡಿಸಿ, ಮತ್ತೆ ಸರಿಸಿದ. ಐದಾರು ಸಲ.

"ನಕ್ಷತ್ರದಲ್ಲಿ ಬೆಂಕಿ ಇಲ್ವಂತೆ" ಎಂದಳು ಗಿಳಿ ಕೈಯಲ್ಲಿ. "ನಾನು ತಪ್ಪು ಹೇಳಿದೆ. ಒತ್ತಿದ್ರೆ ಎರಡು ಒಂದಾಗುತ್ತೆ, ಆಗ ಬಿಸಿ ಬರುತ್ತೆ."

"ವೆಲ್ಡಿಂಗಾ?"

"ಅಲ್ಲ. ಹೌದು. ಗೊತ್ತಿಲ್ಲ."

"ವೆಲ್ಡಿಂಗಲ್ಲಿ ಎರಡು ಕಂಬಿ ಎರಡಾಗೇ ಇರುತ್ತೆ, ನಡುವೆ ಗಾಯದ ಗುರುತು ಇರುತ್ತೆ. ಒಂದಾಗಲ್ಲ. ಮತ್ತೆ, ಬಿಸಿ ಬರಲ್ಲ, ಬಿಸಿ ನಾನು ಕೊಡ್ಬೇಕು." ಅವನು ವೆಲ್ಡಿಂಗ್ ಯಂತ್ರದ ಕರೆಂಟಿನ ವೈರನ್ನು ಎತ್ತಿ ತೋರಿಸಿದ. "ಸೇರಿಸೋಕೆ ಇಷ್ಟು ಬಿಸಿ ಬೇಕು ಅಂತ ನನ್ನ ಕೈಗೆ ಗೊತ್ತು. ಇವರ ನಕ್ಷತ್ರದಲ್ಲಿ ಸೇರಿಸಿದ್ರೆ ಬಿಸಿ ಹೊರಗೆ ಬರುತ್ತೆ. ಯಾವುದು ಸರಿ?"

ಗಿಳಿಗೆ ತಲೆ ಗಿರ್ರೆಂದಿತು. "ಅವರನ್ನೇ ಕೇಳು" ಎಂದಳು.

"ಕೇಳ್ತೀನಿ. ನೀನು ನಾನು ಹೇಳಿದ್ದನ್ನ ಹೇಳ್ತೀಯಾ?" ಅವನ ಕೈಗಳು ನಿಧಾನವಾದವು. "ಅವತ್ತು ನಾನು ಸುಳ್ಳು ಅಂದೆ. ಅವರು ನಕ್ಕರು. ಸುಳ್ಳು ಅನ್ನಿಸಿಕೊಂಡವರು ಹಾಗೆ ನಗಲ್ಲ. ನೀನು ಏನಂದೆ?"

ಗ್ರೈಂಡರು ನಿಂತಿತ್ತು, ಮೂಲೆಯಲ್ಲಿ ಫ್ಯಾನು ಗರಗರ ಎನ್ನುತ್ತಿತ್ತು.

"ಚಿಕ್ಕ ಸಂದೇಹ ಅಂದೆ."

"ಚಿಕ್ಕ ಸಂದೇಹ" ಎಂದ ಅಣ್ಣ. ಎಷ್ಟು ವರ್ಷದಿಂದ ಹೀಗೆ, ಯಾರ್‍ಯಾರ ಹತ್ತಿರ, ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಲೆಕ್ಕ ಸಿಗುತ್ತಿರಲಿಲ್ಲ. ಕೆಲಸದ ಸಂದರ್ಶನದಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಅಪ್ಪನ ಕೊನೆಯ ದಿನ ಆಸ್ಪತ್ರೆಯಲ್ಲಿ. ಅಲ್ಲೆಲ್ಲ ಅಣ್ಣ ಏನು ಹೇಳಿದ್ದ, ತಾನು ಏನು ದಾಟಿಸಿದ್ದೆ ಎಂದು ನೆನೆಸಿಕೊಳ್ಳಲು ಹೋದರೆ, ಅವಳಿಗೆ ನೆನಪಿದ್ದದ್ದು ತಾನು ಹೇಳಿದ್ದು ಮಾತ್ರ. ಅವನು ಹೇಳಿದ್ದೇ ಅದು ಎಂದು ಅವಳು ಇಷ್ಟು ದಿನ ನಂಬಿಕೊಂಡಿದ್ದಳು. ಈಗ ಯಾವುದು ಯಾರದೆಂದು ಬಿಡಿಸಲು ಬರಲಿಲ್ಲ.

ಶನಿವಾರ ವಿಜ್ಞಾನಿ ತಾವೇ ವರ್ಕ್‌ಶಾಪಿಗೆ ಬಂದರು. ಗಿಳಿ ಫೋನಿನಲ್ಲಿ ಕರೆದಿದ್ದಷ್ಟೆ, ಬರುತ್ತಾರೆಂದು ಅವಳಿಗೆ ನಂಬಿಕೆ ಇರಲಿಲ್ಲ. ಅಣ್ಣ ಸ್ಟೂಲು ಒರೆಸಿ ಕೊಟ್ಟ. ಆಮೇಲೆ ತಂಗಿಯ ಕಡೆ ತಿರುಗಿ, "ಈಗ ಹೇಳು, ಹೇಳಿದ ಹಾಗೇ" ಎಂದು ಶುರುಮಾಡಿದ.

ಗಿಳಿ ಅವನ ಕೈ ನೋಡುತ್ತಲೇ ಬಾಯಿ ತೆರೆದಳು. "ಭಾನುವಾರ ನೀವು ಸುಳ್ಳು ಹೇಳಿದ್ರಿ" ಎಂದಳು. ತನ್ನ ದನಿ ತನಗೇ ಯಾರದೋ ಅನ್ನಿಸಿತು. "ನಲವತ್ತು ಜನರ ಮುಂದೆ ಕಬ್ಬಿಣ ಉರಿಯಲ್ಲ ಅಂದ್ರಿ. ನಾನು ಮೂವತ್ತು ವರ್ಷದಿಂದ ಕಬ್ಬಿಣ ಉರಿಸಿ ಊಟ ಮಾಡ್ತಿದ್ದೀನಿ. ನಾನು ಎದ್ದು ನಿಂತಾಗ ನೀವು ಮಗುವಿಗೆ ನಕ್ಕ ಹಾಗೆ ನಕ್ಕಿರಿ."

ವಿಜ್ಞಾನಿಯ ಮುಖ ಕೆಂಪೇರಿತು. ಅವರು ಗಿಳಿಯ ಕಡೆ ನೋಡಿದರು. ಗಿಳಿ ನೆಲ ನೋಡಿದಳು. ಅಣ್ಣ ವಿಜ್ಞಾನಿಯ ಮುಖವನ್ನೇ ಗಮನಿಸುತ್ತಿದ್ದ. ಕೆಂಪು ಏರಿದ್ದು ಕಂಡು ತಲೆಯಾಡಿಸಿದ. ಮಾತು ಮುಟ್ಟಿತ್ತು.

"ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ" ಎಂದರು ವಿಜ್ಞಾನಿ, ಈ ಸಲ ನೇರ ಅವನನ್ನೇ ನೋಡಿ. "ಮಾತು ತಪ್ಪು ಬಳಸಿದೆ. ನಕ್ಕಿದ್ದಕ್ಕೆ ಕ್ಷಮಿಸಿ, ನೀವೇನು ಹೇಳಿದ್ರಿ ಅಂತ ನನಗೆ ಗೊತ್ತಿರಲಿಲ್ಲ."

ಗಿಳಿ ಅದನ್ನೂ ಹಾಗೆಯೇ ಇಳಿಸಿದಳು.

ಅಣ್ಣ ಮಾತಿಗಿಂತ ಮುಂಚೆ ಕೆಲಸ ಎಂದು, ಅವರ ತಲೆಗೆ ವೆಲ್ಡಿಂಗಿನ ಮುಖವಾಡ ಹಾಕಿ, ಕೈಗೆ ಕಡ್ಡಿ ಕೊಟ್ಟ. ವಿಜ್ಞಾನಿ ಕಡ್ಡಿ ತಾಗಿಸಿದ್ದೇ, ಅದು ಕಂಬಿಗೆ ಕಚ್ಚಿಕೊಂಡುಬಿಟ್ಟಿತು. ಎಳೆದರೆ ಬರಲೊಲ್ಲದು. ಮತ್ತೊಂದು ಸಲ, ಮತ್ತೆ ಕಚ್ಚಿಕೊಂಡಿತು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಖವಾಡದ ಒಳಗಿಂದ ವಿಜ್ಞಾನಿಯೂ ನಗುತ್ತಿದ್ದರು. ಮೂರನೆಯ ಸಲ ಅಣ್ಣ ಅವರ ಮಣಿಕಟ್ಟು ಹಿಡಿದು ನಡೆಸಿದ. ಮುಖವಾಡ ತೆಗೆದಾಗ ಅವರ ಕನ್ನಡಕದ ಗಾಜಿನ ತುಂಬ ಆವಿ.

"ಸೇರಿಸೋಕೆ ಬಿಸಿ ಬೇಕಾಯ್ತಲ್ವಾ?" ಅಣ್ಣ ಕೇಳಿದ. "ನಿಮ್ಮ ನಕ್ಷತ್ರ ಸೇರಿಸಿದ್ರೆ ಬಿಸಿ ಕೊಡುತ್ತೆ ಅಂತೀರಿ. ಯಾವುದು ಸರಿ?"

ವಿಜ್ಞಾನಿ ಕನ್ನಡಕ ಒರೆಸಿಕೊಂಡರು. "ಎರಡೂ. ಇಲ್ಲಿ ಕಬ್ಬಿಣ ಕಬ್ಬಿಣವಾಗೇ ಉಳಿಯುತ್ತೆ, ಬೀಜದ ತಂಟೆಗೆ ನೀವು ಹೋಗಲ್ಲ, ಅದು ಬೇರೆ ಮಾತು. ಆದ್ರೆ ಬಿಸಿ ಯಾವ ಕಡೆ ಹೋಗುತ್ತೆ ಅನ್ನೋದನ್ನ ಮಾತ್ರ ನೋಡಿ. ಹಗುರ ಬೀಜಗಳಿಗೆ ಶುರುವಿಗೆ ಬಿಸಿ ಬೇಕು, ಸೇರಿದ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು ವಾಪಸ್ ಕೊಡ್ತವೆ. ಕಬ್ಬಿಣದ ತನಕ ಹಾಗೆ. ಕಬ್ಬಿಣದಿಂದ ಆಚೆಗೆ ನಿಮ್ಮ ವೆಲ್ಡಿಂಗ್ ಥರ. ಬರೀ ತಗೊಳ್ತವೆ."

ಅಣ್ಣ ಎರಡು ಮುಷ್ಟಿ ಹತ್ತಿರ ತಂದು ಒತ್ತಿದ. ಅವು ಸೇರಿ ಒಂದೇ ಆಕಾರವಾದವು. ಬೆರಳುಗಳು ಹೊರಕ್ಕೆ ಚಿಮ್ಮಿದವು. ಆಮೇಲೆ ಕಬ್ಬಿಣದ ಸನ್ನೆ ಮಾಡಿ, ಮತ್ತೆ ಒತ್ತಿದ. ಈ ಸಲ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಹೀಗಾ?

"ಹೀಗೇ!" ಎಂದರು ವಿಜ್ಞಾನಿ, ಗಿಳಿ ಬಾಯಿ ತೆರೆಯುವ ಮುಂಚೆಯೇ.

"ಮತ್ತೆ ನಕ್ಷತ್ರ ಯಾಕೆ ಸಾಯುತ್ತೆ?"

"ಆ ಬಿಸಿಯೇ ಅದರ ಮೈಯನ್ನ ಎತ್ತಿ ಹಿಡಿದಿರುತ್ತೆ. ನಡುವೆ ಕಬ್ಬಿಣ ತುಂಬಿದ ಮೇಲೆ ಬಿಸಿ ಬರೋದು ನಿಲ್ಲುತ್ತೆ. ಭಾರ ಮಾತ್ರ ಹಾಗೇ ಇದೆ. ಒಂದು ಸೆಕೆಂಡೂ ಆಗಲ್ಲ, ನಡುಭಾಗ ಒಳಕ್ಕೆ ಕುಸಿಯುತ್ತೆ. ಹೊರಗಿನದು ಸಿಡಿದು ಚೆಲ್ಲಾಡುತ್ತೆ. ಕೋಟಿ ವರ್ಷ ಬಾಳಿದ ನಕ್ಷತ್ರ. ಆದ್ರೆ ಅಷ್ಟೂ ಕಬ್ಬಿಣ ಕೂಡಿಕೊಳ್ಳೋಕೆ ಹಿಡಿಯೋದು ಕೊನೇ ಒಂದು ದಿನ, ಹೆಚ್ಚು ಕಡಿಮೆ."

"ಒಂದು ದಿನ?" ಅಣ್ಣ ತನ್ನ ಸುತ್ತ ನೋಡಿದ: ಗೋಡೆಗೆ ಒರಗಿಸಿದ ಕಂಬಿಗಳು, ತಗಡಿನ ರಾಶಿ, ಅರ್ಧ ಆದ ಗೇಟು. "ನಾನು ಒಂದು ಗೇಟು ಮಾಡೋಕೆ ಎರಡು ದಿನ ತಗೋತೀನಿ."

ಮರುದಿನ ಗ್ರಂಥಾಲಯದ ಕೋಣೆಯಲ್ಲಿ ಭಾಷಣ ಇನ್ನೊಮ್ಮೆ ನಡೆಯಿತು. ಹಾಗೆ ಆಗಬೇಕೆಂದು ಹಟ ಹಿಡಿದವರು ವಿಜ್ಞಾನಿಯೇ. ಈ ಸಲ ಗಿಳಿಯ ಪಕ್ಕದಲ್ಲಿ ಅಣ್ಣ ನಿಂತಿದ್ದ. ಉರಿ ಎನ್ನುವ ಸನ್ನೆಯನ್ನು ಮರೆತುಬಿಡಿ, ನನ್ನ ತಂಗಿಯದೂ ತಪ್ಪು, ಮೇಡಂದೂ ತಪ್ಪು ಎಂದು ಅವನು ಮೊದಲೇ ಸಾರಿದ. ಗಿಳಿ ಅದನ್ನು ಬಾಯಲ್ಲಿ ಹೇಳಬೇಕಾಯಿತು, ಹೇಳಿದಳು.

ಮುಷ್ಟಿ ಒತ್ತುವ ಸನ್ನೆಗೆ ದರ್ಜಿ ತಕರಾರು ತೆಗೆದರು. "ಎರಡು ತುಂಡು ಸೇರಿದ ಮೇಲೆ ಹೊಲಿಗೆ ಎಲ್ಲಿ?" ಹೊಲಿಗೆ ಇಲ್ಲ ಎಂದ ಅಣ್ಣ. ಹೊಲಿಗೆ ಇಲ್ಲದೆ ಸೇರುವುದು ಹೇಗೆ ಎಂದರು ದರ್ಜಿ. ಹತ್ತು ನಿಮಿಷ ಅದೇ ಆಯಿತು. ಆಮೇಲೆ ಅವರು ಚೀಲದಿಂದ ತಮ್ಮ ಕತ್ತರಿ ತೆಗೆದು ಎತ್ತಿ ಹಿಡಿದರು. "ಸರಿ, ಇದರ ಕಬ್ಬಿಣ ಯಾವ ನಕ್ಷತ್ರದ್ದು?"

"ಒಂದರದ್ದಲ್ಲ" ಎಂದರು ವಿಜ್ಞಾನಿ. "ಎಷ್ಟೋ ನಕ್ಷತ್ರಗಳು ಬೇರೆ ಬೇರೆ ಕಾಲಕ್ಕೆ ಸಿಡಿದು, ಎಲ್ಲದರ ಪುಡಿ ಮೋಡದಲ್ಲಿ ಬೆರೆತು, ಆ ಮೋಡದಿಂದ ನಮ್ಮ ಸೂರ್ಯ, ಭೂಮಿ ಆದದ್ದು."

"ಹಾಗಾದ್ರೆ ಒಂದು ಅಲಗು ಒಂದರದ್ದು, ಇನ್ನೊಂದು ಅಲಗು ಇನ್ನೊಂದರದ್ದಾ?"

"ಒಂದೇ ಅಲಗಿನ ಒಂದು ಕಣದ ಪಕ್ಕದ ಕಣವೂ ಬೇರೆಯದಿರಬಹುದು."

ದರ್ಜಿ ಕತ್ತರಿಯನ್ನು ತೆರೆದು ನೋಡಿದರು, ಮುಚ್ಚಿ ನೋಡಿದರು. ನಲವತ್ತು ವರ್ಷ ಕೈಯಲ್ಲಿ ಹಿಡಿದ ವಸ್ತು ಪರಕೀಯವಾದಂತೆ ಅದನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡರು.

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಕಿವಿಯ ಓಲೆ ಮುಟ್ಟಿ ತೋರಿಸಿದಳು. ಕಬ್ಬಿಣದ ಆಚೆ ಎಲ್ಲ ಬಿಸಿ ತಗೊಳ್ಳುತ್ತೆ ಅಂದಿರಿ. ಚಿನ್ನಕ್ಕೆ ಅಷ್ಟು ಬಿಸಿ ಯಾರು ಕೊಟ್ಟರು?

"ಸತ್ತ ನಕ್ಷತ್ರಗಳ ಬಿಗಿಯಾದ ಉಂಡೆಗಳು ಎರಡು ಡಿಕ್ಕಿ ಹೊಡೆದಾಗ ಒಂದಷ್ಟು ಆಗುತ್ತೆ, ಅದು ಗೊತ್ತು" ಎಂದರು ವಿಜ್ಞಾನಿ. "ಉಳಿದದ್ದು ಎಲ್ಲಿ, ಹೇಗೆ, ಎಷ್ಟು ಅಂತ ನಮ್ಮ ನಮ್ಮಲ್ಲೇ ಜಗಳ ಇದೆ. ನಿಜ ಹೇಳ್ತೀನಿ, ಸರಿಯಾಗಿ ಗೊತ್ತಿಲ್ಲ."

ಗಿಳಿಯ ಕೈ ಅಲ್ಲೇ ನಿಂತಿತು. ನಲವತ್ತು ಜನ ಕಾಯುತ್ತಿದ್ದರು. ಗೊತ್ತಿಲ್ಲ ಎನ್ನುವ ಸನ್ನೆ ಸುಲಭ. ಆದರೆ ಹೇಳಿದವರು ವಿಜ್ಞಾನಿ. ಅದನ್ನು ಕೊಂಚ ಒಪ್ಪ ಮಾಡಿ, 'ಇನ್ನೂ ಸಂಶೋಧನೆ ನಡೆಯುತ್ತಿದೆ' ಎನ್ನಬೇಕೆಂದು ಅವಳ ಬೆರಳುಗಳಿಗೆ ಆಗಲೇ ಅನ್ನಿಸಿಬಿಟ್ಟಿತ್ತು. ಅವಳು ಭುಜ ಕುಣಿಸಿ, ಎರಡೂ ಅಂಗೈ ತೆರೆದು ತೋರಿಸಿದಳು. ಗೊತ್ತಿಲ್ಲವಂತೆ. ಓಲೆಯ ಹೆಂಗಸು, ಹೌದಾ, ಎಂದು ಸಮಾಧಾನವಾಗಿ ಕೂತುಕೊಂಡಳು.

ಜನ ಮೆಟ್ಟಿಲು ಇಳಿಯುವಾಗಲೂ ಮುಷ್ಟಿ ಒತ್ತಿಕೊಳ್ಳುತ್ತಲೇ ಇದ್ದರು. ಇಬ್ಬರು ಕಂಬಿ ಹಿಡಿದುಕೊಳ್ಳುವುದನ್ನು ಮರೆತು ಮುಗ್ಗರಿಸಿದರು.

ಊಟಕ್ಕೆ ಕೂತಾಗ ಅಮ್ಮ ಹೋದ ವಾರದ ಪ್ರಶ್ನೆಯನ್ನೇ ಕೇಳಿದಳು. "ಈಗಲಾದ್ರೂ ಹೇಳೇ, ಕಬ್ಬಿಣಕ್ಕೂ ನಕ್ಷತ್ರಕ್ಕೂ ಏನು ಸಂಬಂಧ?"

ಗಿಳಿ ಆ ಪ್ರಶ್ನೆಯನ್ನು ಅಣ್ಣನಿಗೂ ಕೈಯಲ್ಲಿ ದಾಟಿಸಿ, ತುತ್ತು ನುಂಗಿ ಶುರುಮಾಡಬೇಕು ಎನ್ನುವಷ್ಟರಲ್ಲಿ ಅಣ್ಣ ಅಮ್ಮನ ಮೊಣಕೈ ತಟ್ಟಿ ತನ್ನ ಕಡೆ ತಿರುಗಿಸಿಕೊಂಡ. ಮೋಡ ಮಾಡಿದ. ಅಮ್ಮ ಕಿಟಕಿಯ ಆಚೆ ಒಣಹಾಕಿದ ಬಟ್ಟೆ ನೋಡಿದಳು. ಅದಲ್ಲ ಎಂದು ತಲೆಯಾಡಿಸಿ ಇನ್ನೂ ದೊಡ್ಡ ಮೋಡ ಮಾಡಿದ. ಮುಷ್ಟಿ ಒತ್ತಿದ, ಬೆರಳು ಚಿಮ್ಮಿಸಿದ. ಕ್ಷಣದ ಕುಸಿತವನ್ನು ತೋರಿಸಲು ಎರಡೂ ಕೈ ಮೇಲೆತ್ತಿ ಧೊಪ್ಪನೆ ಕೆಳಗಿಳಿಸಿದಾಗ ಅಮ್ಮ ಗಾಬರಿಯಿಂದ ಚಾವಣಿ ನೋಡಿದಳು.

"ಮನೆ ಬೀಳುತ್ತಂತಾ?"

"ಅಲ್ಲಮ್ಮ, ಅದು" ಎಂದು ಗಿಳಿ ಬಾಯಿ ಹಾಕಿದಳು.

ಕಣ್ಣಂಚಿನಲ್ಲೇ ಅವಳ ತುಟಿ ಆಡಿದ್ದು ಕಂಡು, ಅಣ್ಣ ಅವಳ ಕಡೆ ತಿರುಗದೆಯೇ ಒಂದು ಕೈ ಅಡ್ಡ ಹಿಡಿದ. "ಬಿಡು. ನಾನೇ ಹೇಳ್ತೀನಿ." ತಟ್ಟೆ ಪಕ್ಕಕ್ಕೆ ಸರಿಸಿ, ಮೊದಲಿನಿಂದ ಮೋಡ ಮಾಡಿದ. ಅಮ್ಮನೂ ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು, ತಪ್ಪುತಪ್ಪಾಗಿ ಮುಷ್ಟಿ ಒತ್ತಿ ನೋಡಿದಳು. ಅವಳಿಗೆ ಏನು ತಿಳಿಯುತ್ತಿತ್ತೋ, ಅವನು ಏನು ಹೇಳುತ್ತಿದ್ದನೋ, ಎರಡೂ ಒಂದೇ ಹೌದೋ ಅಲ್ಲವೋ ಗಿಳಿಗೆ ಗೊತ್ತಾಗಲಿಲ್ಲ. ಅವಳು ತನಗೆ ಇನ್ನಷ್ಟು ಬಡಿಸಿಕೊಂಡು, ಇಬ್ಬರನ್ನೂ ನೋಡುತ್ತಾ ಊಟ ಮುಂದುವರಿಸಿದಳು.